ಹೊಳೆಯ ನಡುವೆ ಬಿಟ್ಟ ಹುಡುಗಿ

ಆಗ ನಮ್ಮ ಕಡೆಯವರು ಬೊಂಬಾಯಿಗೆ ಹೋಗಬೇಕಾದರೆ ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಬೇಕಿತ್ತು. ಮಳೆಗಾಲದಲ್ಲಿ ಕಡಲು ಎದ್ದು ಕುಣಿಯುವುದರಿಂದ ಹಡಗು ಬಂದ್. ನನ್ನ ಸೋದರಮಾವ ಬೊಂಬಾಯಿಯ ಹೋಟೆಲೊಂದರಲ್ಲಿ ನನಗೆ ಕೆಲಸ ಗೊತ್ತು ಮಾಡುವಷ್ಟರಲ್ಲಿ ಮಳೆಗಾಲಕ್ಕೆ ಮುಂಚಿನ ಕೊನೆಯ ಹಡಗು ಹೊರಟುಹೋಗಿತ್ತು. ಅಷ್ಟರಿಂದ ನಾನು ಬದುಕಿದೆ. ಇಲ್ಲದಿದ್ದರೆ ನಾನು ಕಟ್ಟಿ ಹಾಡುವ ಪದಗಳೂ ಇಲ್ಲ, ಈ ಬರಹವೂ ಇಲ್ಲ. ದಾದರಿನಲ್ಲೋ ಮಾಟುಂಗಾದಲ್ಲೋ ಮೇಜು ಒರೆಸುತ್ತಾ ಮುದುಕನಾಗುತ್ತಿದ್ದೆ.

ನಮ್ಮಲ್ಲಿ ಮನೆಯ ಯಜಮಾನನೆಂದರೆ ತಾಯಿಯ ಅಣ್ಣ. ಮಾವ ಒಂದು ಮಾತು ಹೇಳಿದರೆ ನನ್ನ ಅಮ್ಮ ಕೂಡಾ ಅದರ ಮೇಲೆ ಮಾತಾಡುವಂತಿರಲಿಲ್ಲ. ಅವರ ಸಿಟ್ಟಿಗೆ ಕಾರಣವೂ ಇತ್ತು. ಬಂಟ್ವಾಳದಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ನಾನು ಕುತ್ತಿಗೆಗೆ ಹಾರ್ಮೋನಿಯಂ ಪೆಟ್ಟಿಗೆ ನೇತುಹಾಕಿ, ಎದುರಿಗೆ ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಚಿಲ್ಲರೆಗೆಂದು ಹಾಸಿ ಹಾಡುತ್ತಿದ್ದುದನ್ನು ಸಂಬಂಧಿಕರೊಬ್ಬರು ನೋಡಿ ನೇರ ಮನೆಗೆ ಹೋಗಿ ಹೇಳಿದ್ದರು.

"ನಮ್ಮ ಮನೆಯವ ದಾರಿಯಲ್ಲಿ ಬೇಡ್ತಾ ಇದ್ದಾನೆ ಅಂತ ಜನ ನನ್ನ ಮುಖಕ್ಕೇ ಹೇಳ್ತಾರೆ," ಎಂದರು ಮಾವ.

"ಬೇಡುವುದಲ್ಲ ಮಾವ, ಹಾಡುವುದು."

"ಹಾಡುವವನಿಗೆ ಬೈರಾಸು ಹಾಸುವ ಕೆಲಸ ಎಂತ ಉಂಟು?"

ಮಾವ ಬಾಯಿಯ ವೀಳ್ಯದ ಕವಳ ಉಗಿದು ಬಂದು ತೀರ್ಮಾನ ಹೇಳಿದರು. "ಹಡಗು ಪುನಃ ಸುರುವಾಗುವವರೆಗೆ ನೀನು ಬೇಕಾದ್ದು ಮಾಡು. ಸುರುವಾದ ದಿನ ನಾನೇ ಬಂದು ಕರಕೊಂಡು ಹೋಗ್ತೇನೆ. ಅಷ್ಟರೊಳಗೆ ಮರ್ಯಾದೆಯಲ್ಲಿ ಬದುಕ್ಲಿಕ್ಕೆ ಕಲಿತರೆ ನೋಡುವ. ಇಲ್ಲದಿದ್ದರೆ ಬೊಂಬಾಯಿ."

ಇದೆಲ್ಲ ಆಗಿದ್ದು ಆಣೆ ಹೋಗಿ ಹೊಸ ಪೈಸೆ ಬಂದು ಜನ ಇನ್ನೂ ಗೊಂದಲದಲ್ಲಿದ್ದ ಕಾಲದಲ್ಲಿ. ನನಗೆ ಸಿಕ್ಕಿದ್ದು ಒಂದು ಮಳೆಗಾಲ. ದಾರಿ ಬದಿಯಲ್ಲಿ ಹಾಡುವವನಿಗೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಮಾವನಿಗೆ ಅದು ಗೊತ್ತಿದ್ದೇ ಹೇಳಿದ್ದು ಎಂದು ನನಗೆ ಈಗಲೂ ಗುಮಾನಿ.

ದಾರಿ ಬದಿಯಲ್ಲಿ ಹಾಡುವುದು ಎಂದರೆ ಬಾಯಿ ತೆರೆದರೆ ಆಯಿತು ಎಂದುಕೊಳ್ಳುವವರು ಒಮ್ಮೆ ಹಾಡಿ ನೋಡಬೇಕು. ಮೊದಲು ಬೆನ್ನ ಹಿಂದೆ ಒಂದು ಗೋಡೆ ಬೇಕು. ಇಲ್ಲದಿದ್ದರೆ ಸ್ವರ ಹಿಂದಕ್ಕೆ ಹೋಗಿ ಹಾಳಾಗುತ್ತದೆ. ಬಂಟ್ವಾಳದಲ್ಲಿ ನಾನು ಹೆಂಚು ರಾಶಿ ಹಾಕಿದ ಜಾಗ ಹಿಡಿದಿದ್ದೆ. ಎರಡನೆಯದು ಬಸ್ಸು. ಒಂದು ಬಸ್ಸು ಹೋಗಿ ಇನ್ನೊಂದು ಬರುವವರೆಗೆ ಮಾತ್ರ ಜನ ನಮ್ಮವರು. ಬಸ್ಸು ಬಂತು ಎಂದರೆ ಪದ ಎಷ್ಟೇ ಚಂದ ಇರಲಿ, ಕೊಡೆ ಗಂಟು ಎತ್ತಿಕೊಂಡು ಓಡಿದರು ಎಂದೇ ಲೆಕ್ಕ. ಆದ್ದರಿಂದ ಮೊದಲ ಪದ ಗಂಟಲು ಹರಿಯುವಷ್ಟು ಎತ್ತರದಲ್ಲಿ, ದೂರದಲ್ಲಿದ್ದವರು ತಿರುಗಬೇಕು. ಎರಡನೆಯದು ಬೇಕೆಂದೇ ತಗ್ಗಿನಲ್ಲಿ. ಸರಿಯಾಗಿ ಕೇಳಿಸದೆ ಜನ ತಾವಾಗಿ ಹತ್ತಿರ ಬರಬೇಕು. ಹಾಗೆ ಸುತ್ತ ಒಂದು ಬಳೆ ಕಟ್ಟಿದ ಮೇಲೆ ಮೂರನೆಯದು ಕಥೆಯ ಪದ. ಅದರಲ್ಲಿ ನಮ್ಮ ಹೊಟ್ಟೆಪಾಡು.

ಪದಗಳೆಲ್ಲ ನನ್ನವೇ. ಆದರೆ ಎಂಥ ಪದಗಳು! ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಕಮಲವದನೆ, ಚಂದ್ರಬಿಂಬ ಎಂದೆಲ್ಲ ಜೋಡಿಸಿ ಕಟ್ಟಿದವು. ಮನೆಯಲ್ಲಿ ತುಳು, ಸಂತೆಯಲ್ಲಿ ತುಳು, ಜಗಳವೂ ತುಳುವಿನಲ್ಲೇ. ಹಾಡುವಾಗ ಮಾತ್ರ ಮಾಸ್ತರರ ಮುಂದೆ ಪಾಠ ಒಪ್ಪಿಸುವವನ ಹಾಗೆ ನಿಲ್ಲುತ್ತಿದ್ದೆ. ಜನ ಗೌರವದಿಂದ ಕೇಳುತ್ತಿದ್ದರು. ಗೌರವದಿಂದಲೇ ಹೊರಟುಹೋಗುತ್ತಿದ್ದರು.

ಮಳೆ ಹಿಡಿಯುವ ಮುಂಚೆ ಮೂಡಬಿದ್ರಿಯ ಸಂತೆಗೆ ಹೋದೆ. ಅಲ್ಲಿ ನನಗೊಬ್ಬ ಗುರು ಸಿಕ್ಕಿದ. ಹಲ್ಲುನೋವಿನ ಬೇರು ಮಾರುವವ, ಘಟ್ಟದ ಮೇಲಿನವ. ಅವನ ಬಳಿ ಬುಟ್ಟಿಯಲ್ಲಿ ಒಂದು ಹಾವು, ಹಗ್ಗ ಕಟ್ಟಿದ ಒಂದು ಮುಂಗುಸಿ. "ಈಗ ಬಿಡ್ತೀನಿ, ಈಗ ಬಿಡ್ತೀನಿ" ಎನ್ನುತ್ತಾ ಅವನು ಬೇರು ಮಾರಿ ಮುಗಿಸುತ್ತಿದ್ದನೇ ಹೊರತು ಮುಂಗುಸಿಯನ್ನು ಒಮ್ಮೆಯೂ ಬಿಟ್ಟದ್ದನ್ನು ನಾನು ಕಾಣಲಿಲ್ಲ. ಸಂತೆ ಹರಿದ ಮೇಲೆ ಚಹಾ ಕುಡಿಯುತ್ತಾ ಯಾಕೆಂದು ಕೇಳಿದೆ.

"ಬಿಟ್ರೆ ಹಾವು ಸಾಯ್ತದೆ. ಹಾವು ಸತ್ರೆ ನಾನು ಸಾಯ್ತೀನಿ ಕಣಯ್ಯ," ಎಂದ. "ನೀನು ಕಥೆ ಪೂರ್ತಿ ಹಾಡಿ ಆಮೇಲೆ ಕೈ ಚಾಚ್ತೀಯಲ್ಲ, ಅದೇ ನಿನ್ನ ದಡ್ಡತನ. ಕಥೆ ಮುಗಿದ ಮೇಲೆ ಯಾವನಿಗೆ ನೀನು ಬೇಕು? ಎಲ್ಲರ ಉಸಿರು ನಿಂತಿರೋವಾಗ ನಿಲ್ಲಿಸು."

ನನಗೆ ಜ್ಞಾನೋದಯವಾದ ಹಾಗಾಯಿತು. ಮುಂದಿನ ಸಂತೆಯಿಂದ ಹಾಗೆಯೇ ಮಾಡಿದೆ. ರಾಜಕುಮಾರ ಬಾವಿಗೆ ಬಿದ್ದ ಕೂಡಲೇ ಪೆಟ್ಟಿಗೆಯ ಗಾಳಿ ನಿಲ್ಲಿಸಿ ಬೈರಾಸು ಹಾಸುವುದು. ಕೆಲಸ ಆಯಿತು ಮಾರಾಯರೇ! ಜನ ಗೊಣಗುತ್ತಾ ಚಿಲ್ಲರೆ ಹಾಕಿದರು. ಅಷ್ಟರಲ್ಲಿ ಬಸ್ಸೋ ಮಳೆಯೋ ಬಂದು ಎಲ್ಲರೂ ಚದುರುತ್ತಿದ್ದರು. ಉಳಿದರ್ಧ ಹಾಡುವ ಪ್ರಮೇಯವೇ ಬರುತ್ತಿರಲಿಲ್ಲ. ಬರಬರುತ್ತಾ ನಾನು ಉಳಿದರ್ಧವನ್ನು ಕಟ್ಟುವುದನ್ನೇ ಬಿಟ್ಟೆ. ಯಾರೂ ಕೇಳದ ಕೊನೆಯನ್ನು ಕಟ್ಟಿ ಎಂತ ಮಾಡಲಿಕ್ಕುಂಟು?

ಆಮೇಲೆ ಮಳೆ ಬಂತು. ಹಾರ್ಮೋನಿಯಂ ಒಳಗೆ ತೇವ ಹೊಕ್ಕು ಕೀಲಿಗಳು ಉಬ್ಬಿ ಕೆಳಗೆ ಹೋದದ್ದು ಮೇಲೆ ಬಾರದ ಹಾಗಾಯಿತು. ಒಂದು ಸ್ವರ ಒತ್ತಿದರೆ ಮೂರು ಕೂಗುತ್ತಿದ್ದವು. ಹೋಟೆಲಿನ ಒಲೆಯ ಹತ್ತಿರ ಇಟ್ಟು ಒಣಗಿಸಿದರೆ ಗಾಳಿ ಹಾಕುವ ಬೆಲ್ಲೋಸಿನ ಅಂಟು ಬಿಟ್ಟಿತು. ಜನ ಅಂಗಡಿಗಳ ಮಾಡಿನ ಕೆಳಗೆ ನುಗ್ಗುತ್ತಿದ್ದರು, ಅಂಗಡಿಯವರು ನನ್ನನ್ನು ಮಾತ್ರ ಆಚೆಗೆ ದಬ್ಬುತ್ತಿದ್ದರು. ಬಂಟ್ವಾಳದ ಪೇಟೆಯಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತು ಹೊಳೆಯ ನೀರು ಏರುವುದನ್ನು ನೋಡುತ್ತಾ ಬೊಂಬಾಯಿಯ ಹೋಟೆಲಿನಲ್ಲಿ ಕಡೇಪಕ್ಷ ಒಣ ನೆಲ ಇದ್ದೀತು ಎಂದು ನನಗೇ ಅನಿಸಿತು. ಆ ಯೋಚನೆ ಬಂದದ್ದಕ್ಕೆ ನನ್ನ ಮೇಲೆ ನನಗೇ ಉರಿ ಹತ್ತಿತು.

ಮೂಡಬಿದ್ರಿಯಿಂದ ನಾರಾವಿಗೆ ಹೋಗುವಾಗ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಇಳಿದು ನಿಂತರೆ ಗದ್ದೆಯಲ್ಲಿ ನಾಟಿ. ಮಳೆಗೆ ಓಲೆಯ ಗೊರಬು ಹೊದ್ದ ಹೆಂಗಸರು ಸಾಲಾಗಿ ಬಗ್ಗಿ ಭತ್ತದ ನೇಜಿ ನೆಡುತ್ತಾ ಓಬೇಲೆ ಹಾಡುತ್ತಿದ್ದರು. ಒಬ್ಬಳು ಒಂದು ಸಾಲು ಎತ್ತಿಕೊಡುವುದು, ಉಳಿದವರು ಕೂಡಿ ಉದ್ದಕ್ಕೆ ಓಗೊಡುವುದು. ಆ ಓಗೊಡುವಿಕೆಗೆ ಸರಿಯಾಗಿ ಕೈಯ ನೇಜಿ ಕೆಸರಿಗಿಳಿಯುವುದು. ಹುಟ್ಟಿದಲ್ಲಿಂದ ಕೇಳಿದ್ದೇ. ಆದರೆ ಅದನ್ನು ಪದ ಎಂದು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಸ್ಸಿನವರೆಲ್ಲ ಅಂದು ಕಂಡಕ್ಟರನಿಗೆ ಬೈಯುವುದನ್ನು ಬಿಟ್ಟು ಬದುವಿನ ಮೇಲೆ ನಿಂತು ಕೇಳುತ್ತಿದ್ದರು. ಬಸ್ಸು ರಿಪೇರಿಯಾಗಿ ಹಾರ್ನ್ ಕೊಟ್ಟರೂ ಕೆಲವರು ಕದಲಲಿಲ್ಲ. ಬಸ್ಸನ್ನು ಕಾಯಿಸುವ ಪದ!

ಅದೇ ಧಾಟಿಯಲ್ಲಿ ತುಳುವಿನಲ್ಲಿ ಒಂದು ಹೊಸ ಪದ ಕಟ್ಟಿದೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ತಾಯಿಮನೆಗೆ ಬಂದು ಕೂರುವುದು ನಮ್ಮ ಕಡೆಯ ಕ್ರಮ. ಮುಂಡಾಜೆಗೆ ಕೊಟ್ಟ ಹುಡುಗಿಯೊಬ್ಬಳು ನಾರಾವಿಯ ತಾಯಿಮನೆಗೆ ಹೊರಟಿದ್ದಾಳೆ, ಮಳೆ, ಗಂಡ ಬರಲಿಲ್ಲ, ಅತ್ತೆ ಒಂದು ಮಾತು ಅಂದಿದ್ದಾಳೆ, ನಡುವೆ ಹೊಳೆ ತುಂಬಿದೆ. ಇಷ್ಟು ಕಥೆ. ಪೆಟ್ಟಿಗೆಯಲ್ಲಿ ನುಡಿಸಲು ಹೋದರೆ ಆ ಹೆಂಗಸರ ಸ್ವರ ಎರಡು ಕೀಲಿಗಳ ನಡುವೆ ಎಲ್ಲೋ ಹೋಗಿ ಕೂತಿತ್ತು, ಬೆರಳಿಗೆ ಸಿಕ್ಕುತ್ತಿರಲಿಲ್ಲ. ಪೆಟ್ಟಿಗೆ ಬದಿಗಿಟ್ಟು ಬರೇ ಬಾಯಲ್ಲಿ ಹಾಡುವುದೆಂದು ಮಾಡಿದೆ.

ಬೆಳ್ತಂಗಡಿಯ ಸಂತೆಯಲ್ಲಿ ಜವುಳಿ ಅಂಗಡಿಯ ಬ್ಯಾರಿಯೊಬ್ಬರು ತಮ್ಮ ಜಗಲಿಯ ಒಂದು ಮೂಲೆ ಕೊಟ್ಟರು. "ಮಳೆಗೆ ಗಿರಾಕಿ ಇಲ್ಲ ಮಾರಾಯ. ನೀನಾದರೂ ಬಾಯಿ ಮಾಡು, ಇಲ್ಲಿ ಅಂಗಡಿ ಉಂಟು ಅಂತ ನಾಲ್ಕು ಜನಕ್ಕೆ ಗೊತ್ತಾಗಲಿ" ಎಂದರು. ಜಗಲಿಯ ಕೆಳಗೆ ಬಸಳೆ, ಹರಿವೆ, ಕೆಸು, ಒಣಮೀನು ಹಿಡಿದು ಕೂತ ಹೆಂಗಸರ ಸಾಲು. ನಾನು ಮೊದಲ ಸಾಲು ಎತ್ತಿದೆ. ಓಗೊಡುವವರು ಯಾರು? ಯಾರೂ ಇಲ್ಲ. ಗಂಡಸರು ನಕ್ಕರು, ಗದ್ದೆಯ ಪದವನ್ನು ಗಂಡಸು ಹಾಡುವುದು ಅವರಿಗೆ ತಮಾಷೆ. ಎರಡನೆಯ ಸಾಲು ಎತ್ತಿದೆ. ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಆಗ ಬಸಳೆ ಮಾರುವ ಅಕ್ಕ, ತಲೆ ಎತ್ತದೆ, ಕಟ್ಟು ಕಟ್ಟುತ್ತಿದ್ದ ಕೈ ನಿಲ್ಲಿಸದೆ, ಉದ್ದಕ್ಕೆ ಓಗೊಟ್ಟಳು. ಅಭ್ಯಾಸಬಲ. ಸಾಲು ಎತ್ತಿದರೆ ಓಗೊಡದೆ ಇರಲು ಆ ನಾಲಿಗೆಗೆ ಬರುವುದಿಲ್ಲ. ಮೂರನೆಯದಕ್ಕೆ ಪಕ್ಕದವಳು ಸೇರಿದಳು, ಐದನೆಯದಕ್ಕೆ ಸಾಲಿಗೆ ಸಾಲೇ ಸೇರಿತು.

ಇಡೀ ಸಂತೆ ತಿರುಗಿತು. ಹುಡುಗಿ ಹೊಳೆಯ ಬದಿಗೆ ಬಂದಳು. ಗಂಟನ್ನು ತಲೆಗೇರಿಸಿದಳು. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕಾಲಡಿಯ ಮರಳು ಜಾರಿತು. ಮಳೆಯಲ್ಲೂ ಜನ ಬಂದು ನಿಂತಿದ್ದರು. ಇದಕ್ಕಿಂತ ಒಳ್ಳೆಯ ಹೊತ್ತು ಬೇಕೇ? ನಾನು ಪದ ನಿಲ್ಲಿಸಿ, ಹೆಗಲಿನ ಬೈರಾಸು ಕೊಡವಿ ಜಗಲಿಯ ಅಂಚಿನಲ್ಲಿ ಹಾಸಿದೆ.

ಬಸಳೆಯ ಅಕ್ಕ ತಲೆ ಎತ್ತಿದಳು.

"ಎಂತ ಅದು?"

"ಬೈರಾಸು ಅಕ್ಕ."

"ಬೈರಾಸು ನನಗೂ ಕಾಣ್ತದೆ. ಹುಡುಗಿ ಎಲ್ಲಿ?"

"ಯಾವ ಹುಡುಗಿ?"

"ಯಾವ ಹುಡುಗಿ ಅಂತ ಕೇಳ್ತಾನೆ ನೋಡಿ ಇವ! ಸೊಂಟದಷ್ಟು ನೀರಿಗೆ ಇಳಿಸಿದಿಯಲ್ಲ, ಅವಳು! ಹೆಣ್ಣನ್ನು ಹೊಳೆಯ ನಡುವೆ ಬಿಟ್ಟು ನೀನು ಇಲ್ಲಿ ಬೈರಾಸು ಹಾಸ್ತೀಯಾ?"

ಜನ ನಕ್ಕರು. ನಾನೂ ನಗಲು ನೋಡಿದೆ. "ಉಳಿದದ್ದು ಮುಂದಿನ ಸಂತೆಗೆ ಹಾಡ್ತೇನೆ ಅಕ್ಕ."

"ಮುಂದಿನ ಸಂತೆವರೆಗೆ ಅವಳು ನೀರಲ್ಲಿ ನಿಲ್ಲುವುದಾ?"

ಈ ಸಲ ಯಾರೂ ನಗಲಿಲ್ಲ. ಅಕ್ಕ ಬುಟ್ಟಿ ಬದಿಗೆ ಸರಿಸಿ ಎದ್ದು ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚು ಹೆದರಿಕೆ ಇತ್ತು. "ನನ್ನ ಮಗಳು ಆಟಿ ಕೂರ್ಲಿಕ್ಕೆ ಬರುವವಳಿದ್ದಾಳೆ. ನಾಳೆಯೋ ನಾಡಿದ್ದೋ. ಅವಳೂ ಹೊಳೆ ದಾಟಿಯೇ ಬರಬೇಕು. ಗದ್ದೆಯಲ್ಲಿ ಎತ್ತಿದ ಪದ ಮುಗಿಯದೆ ನಾವು ಬದುವಿಗೆ ಕಾಲಿಡುವವರಲ್ಲ. ಗುಡುಗಿರಲಿ, ಸಿಡಿಲಿರಲಿ. ನೀನು ನನ್ನ ಬಾಯಲ್ಲಿ ಓಗೊಡಿಸಿ ಅರ್ಧಕ್ಕೆ ಬಿಡ್ತೀಯಾ? ಅವಳನ್ನು ದಡ ಮುಟ್ಟಿಸು. ಮುಟ್ಟಿಸದೆ ಈ ಜಗಲಿ ಇಳಿ ನೋಡುವ."

ಉಳಿದ ಹೆಂಗಸರೂ ಎದ್ದರು. ಬ್ಯಾರಿಯವರು ಒಳಗಿನಿಂದ, "ಮುಗಿಸು ಮಾರಾಯ, ಇವರು ನನ್ನ ಅಂಗಡಿ ಮುಳುಗಿಸ್ತಾರೆ" ಎಂದರು.

ಮುಗಿಸುವುದು ಹೇಗೆ? ಮುಂದಿನ ಪದ ಇದ್ದರಲ್ಲವೇ! ನಾನು ಕಟ್ಟಿದ್ದೇ ಅಲ್ಲಿಯವರೆಗೆ. ಏನಾದರಾಗಲಿ ಎಂದು, ದೇವರು ಪ್ರತ್ಯಕ್ಷನಾಗಿ ಕೈ ಹಿಡಿದ ಎಂದು ಒಂದು ಸಾಲು ಎತ್ತಿದೆ. ಓಗೊಡಲಿಲ್ಲ. ಒಬ್ಬಳೂ ಇಲ್ಲ. "ಅದಾಗುವುದಿಲ್ಲ," ಎಂದಳು ಅಕ್ಕ, "ದೇವರಿಗೆ ಅಷ್ಟು ಪುರುಸೊತ್ತಿದ್ದರೆ ನಾವು ಹೀಗಿರ್ತಿದ್ದೆವಾ?" ಗಂಡ ದೋಣಿ ತೆಗೆದುಕೊಂಡು ಬಂದ ಎಂದೆ. ಒಣಮೀನಿನವಳು ಮೂಗಿನಲ್ಲಿ ನಕ್ಕಳು. "ಬರುವ ಗಂಡನಾಗಿದ್ದರೆ ಅವಳನ್ನು ಒಬ್ಬಳನ್ನೇ ಕಳಿಸ್ತಿದ್ದನಾ?"

ಕಣ್ಣು ಮುಚ್ಚಿದೆ. ನಾನೇ ಆ ಹೊಳೆಯಲ್ಲಿ ನಿಂತ ಹಾಗೆ ಆಗಿತ್ತು. ಆ ಹುಡುಗಿಗೆ ಅಲ್ಲಿ ಏನು ಗೊತ್ತಿರುತ್ತದೆ? ಅದು ಅವಳ ತಾಯಿಮನೆಯ ಹೊಳೆ. ಬಟ್ಟೆ ಒಗೆದ ಹೊಳೆ. ಯಾವ ಕಲ್ಲು ಎಲ್ಲಿ ಎಂದು ಅವಳ ಕಾಲಿಗೆ ಗೊತ್ತು. ನಾನು ಎತ್ತಿದೆ: ಇದು ಅಜ್ಜಿ ಬಟ್ಟೆ ಒಗೆಯುವ ಕಲ್ಲು. ಸಾಲಿಗೆ ಸಾಲೇ ಓಗೊಟ್ಟಿತು. ಮುಂದಿನ ಕಲ್ಲನ್ನು ನಾನು ಹುಡುಕುವ ಮೊದಲೇ ಅಕ್ಕ ನಿಂತಲ್ಲಿಂದ ಕೊಟ್ಟಳು: ಎಮ್ಮೆ ಮೈ ಉಜ್ಜುವ ಕಲ್ಲು. ಇನ್ನೊಬ್ಬಳು, ಅಣ್ಣ ಗಾಳ ಹಾಕುವ ಕಲ್ಲು. ಹಾಗೆ ಒಂದೊಂದೇ ಕಲ್ಲು ಮೆಟ್ಟಿ ಹುಡುಗಿ ನಡೆದಳು. ದಡದಲ್ಲಿ ತಾಯಿ ನಿಂತಿದ್ದಾಳೆ. ಅಪ್ಪಿಕೊಳ್ಳುವುದಿಲ್ಲ, "ಈ ಮಳೆಗೆ ನಿನ್ನನ್ನು ಯಾರು ಬರ್ಲಿಕ್ಕೆ ಹೇಳಿದ್ದು?" ಎಂದು ಬೈಯುತ್ತಾಳೆ. ಪದ ಮುಗಿಯಿತು. ಸಂತೆಯೆಲ್ಲ ಹೋ ಎಂದು ನಕ್ಕಿತು. ನಗುತ್ತಿದ್ದ ಹೆಂಗಸರೇ ಸೆರಗಿನಲ್ಲಿ ಕಣ್ಣೂ ಒರೆಸುತ್ತಿದ್ದರು.

ನಾನು ಬೈರಾಸು ಮಡಚಿ ಹೆಗಲಿಗೆ ಹಾಕಿದೆ. ಅಕ್ಕ ಒಂದು ಕಟ್ಟು ಬಸಳೆ ತಂದು ಕೈಯಲ್ಲಿಟ್ಟಳು.

"ಆ ಬೈರಾಸನ್ನು ಹಾಸಬೇಡ. ಪದ ಮುಗಿಸು. ಕೊಡುವವರು ಕೊಡ್ತಾರೆ, ಕೊಡದವರು ಬೈರಾಸು ನೋಡಿದರೂ ಕೊಡುವುದಿಲ್ಲ."

ಆ ದಿನವೇ ತೀರ್ಮಾನ ಮಾಡಿದೆ. ಪದ ಎತ್ತಿದರೆ ಮುಗಿಸುವುದು. ಬೈರಾಸು ಹಾಸುವುದಿಲ್ಲ. ಹಾರ್ಮೋನಿಯಮನ್ನು ಬ್ಯಾರಿಯವರ ಅಂಗಡಿಯ ಅಟ್ಟಕ್ಕೆ ಹಾಕಿದೆ. ಮುಂದಿನ ವಾರ ಅಕ್ಕನ ಮಗಳು ಸುಖವಾಗಿ ಬಂದು ಮುಟ್ಟಿದ ಸುದ್ದಿ ಸಿಕ್ಕಿತು. ನನಗೆ ಆದ ಸಮಾಧಾನ ಹೇಳತೀರದು.

ಆದರೆ ತೀರ್ಮಾನ ಮಾಡಿದ ಕೂಡಲೇ ಎಲ್ಲ ಸರಿಯಾಯಿತು ಎಂದು ಯಾರೂ ತಿಳಿಯಬೇಡಿ. ಮುಂಗುಸಿಯವ ಹೇಳಿದ್ದು ಸುಳ್ಳಲ್ಲ. ಕಥೆ ಮುಗಿದ ಮೇಲೆ ಜನಕ್ಕೆ ನಾವು ಬೇಡ. ಬಂಟ್ವಾಳದಲ್ಲಿ ಇಡೀ ಪದ ಮುಗಿಸಿ ನಿಂತರೆ, "ಭಾರೀ ಲಾಯ್ಕಾಯ್ತು" ಎಂದು ಹೇಳಿ ಎಲ್ಲರೂ ಬಸ್ಸು ಹತ್ತಿದರು. ಲಾಯ್ಕಾದದ್ದನ್ನು ನಾನು ಗಂಜಿಗೆ ಹಾಕಿ ಉಣ್ಣುವುದೇ? ಒಮ್ಮೊಮ್ಮೆ ಬಸಳೆ, ಒಂದು ಹಿಡಿ ಸಿಗಡಿ, ಎರಡು ಬಾಳೆಕಾಯಿ ಸಿಗುತ್ತಿತ್ತು. ಹೋಟೆಲಿನವರಿಗೆ ಅದನ್ನು ಕೊಟ್ಟು ಊಟ ಮಾಡುತ್ತಿದ್ದೆ. ಕೆಲವು ದಿನ ಅದೂ ಇಲ್ಲ. ಹಸಿದಾಗ ಬೈರಾಸಿನ ಕಡೆಗೆ ಕೈ ಹೋಗುತ್ತಿತ್ತು.

ಪದ ಕಟ್ಟುವ ಕ್ರಮವೂ ಬದಲಾಯಿತು. ಕೂತು ಬರೆದರೆ ಪುನಃ ಆ ಚಂದ್ರಬಿಂಬವೇ ಬರುತ್ತಿತ್ತು. ನಡೆಯುತ್ತಾ ಕಟ್ಟಲು ಸುರುಮಾಡಿದೆ. ಒಂದು ಸಾಲು ಒಂದು ಉಸಿರಿಗೆ ಮುಗಿಯಬೇಕು, ಕೊನೆಯ ಅಕ್ಷರ ಬಾಯಿ ತೆರೆದಿರುವಾಗಲೇ ಬರಬೇಕು. ಆಗ ಮಾತ್ರ ಓಗೊಡುವವರಿಗೆ ಎತ್ತಿಕೊಳ್ಳಲು ಸಲೀಸು. ಸಂತೆಯ ಹೆಂಗಸರೇ ನನ್ನ ಪರೀಕ್ಷಕರು. ಓಗೊಡುವುದು ಚೂರು ತಡವಾಯಿತು ಎಂದರೆ ಆ ಸಾಲು ಉದ್ದವಾಗಿದೆ, ಇಲ್ಲವೇ ಸುಳ್ಳಾಗಿದೆ. ಮುಲಾಜಿಲ್ಲದೆ ಕಿತ್ತುಹಾಕಬೇಕು. ಕೊನೆಯನ್ನು ಮೊದಲು ಕಟ್ಟಿ ಆಮೇಲೆ ಸುರುವಿಗೆ ಬರುವ ಅಭ್ಯಾಸವನ್ನೂ ಮಾಡಿಕೊಂಡೆ. ಒಮ್ಮೆ ಬೆಂಕಿ ತಾಗಿದ ಕೈ ಅಲ್ಲವೇ.

ಮೂಡಬಿದ್ರಿಗೆ ಪುನಃ ಹೋದ ದಿನ ಹೊಟ್ಟೆ ಖಾಲಿ. ಇವತ್ತೊಂದು ದಿನ ನಡುವೆ ನಿಲ್ಲಿಸಿಬಿಡುವ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೇ ಹೋದೆ. ನಿಜ ಹೇಳಬೇಕಷ್ಟೆ. ಗೋಡೆಗೆ ಬೆನ್ನು ಕೊಟ್ಟು ಇನ್ನೂ ಗಂಟಲು ಸರಿಮಾಡುತ್ತಿದ್ದೆ, ಸೌತೆಕಾಯಿ ಮಾರುವವಳೊಬ್ಬಳು ಕೂಗಿದಳು.

"ಓ, ಹೊಳೆ ದಾಟಿಸುವವ ಬಂದ! ಬೇಗ ಎತ್ತು ಮಾರಾಯ, ನಾವು ಆಗಿಂದ ಕಾಯ್ತಾ ಇದ್ದೇವೆ."

ನಾನು ಅವಳನ್ನು ಹಿಂದೆ ಕಂಡವನೇ ಅಲ್ಲ. ಸಂತೆಯ ಹೆಂಗಸರು ಒಂದು ಸಂತೆಯಿಂದ ಇನ್ನೊಂದಕ್ಕೆ ಬುಟ್ಟಿ ಹೊತ್ತುಕೊಂಡು ಹೋಗುವಾಗ ನನ್ನ ಪದವನ್ನೂ ಹೊತ್ತುಕೊಂಡು ಹೋಗಿದ್ದರು. ನಾರಾವಿಯ ಕಡೆಯವರ ಬಾಯಲ್ಲಿ ಹೊಳೆಗೆ ಇನ್ನೂ ಎರಡು ಕಲ್ಲು ಸೇರಿತ್ತು. ಅಂದು ನಾನು ಹಾಡಿದ್ದು ಹೇಗೋ, ಅವರು ಓಗೊಟ್ಟದ್ದು ಹೇಗೋ, ಬೈರಾಸಿನ ನೆನಪೇ ಬರಲಿಲ್ಲ. ಮುಗಿದ ಮೇಲೆ ಒಬ್ಬರೂ ಏಳಲಿಲ್ಲ. "ಇನ್ನೊಂದು?" ಎಂದರು. ಆ ಒಂದು ಮಾತು ಕೇಳಲಿಕ್ಕೆ ಎಷ್ಟು ಕಾಲ ಕಾದಿದ್ದೆ! ಗೋಡೆಯ ಆಚೆ ಹೋಗಿ ಸುಮ್ಮನೆ ಒಂದು ಗಳಿಗೆ ನಿಂತು ಬಂದೆ.

ಅಲ್ಲಿಂದ ಮುಂದೆ ಪದಕ್ಕೆ ಬೇಡಿಕೆ ಹಾಕುವವರೂ ಅವರೇ. ಅತ್ತೆಯ ಮೇಲೆ ಒಂದು ಪದ ಬೇಕು. ಮಳೆಗೆ ಕುಸಿದ ಮಣ್ಣಿನ ಕಟ್ಟದ ಮೇಲೆ ಬೇಕು. ಕೊಕ್ಕಡದ ಕಡೆಯಿಂದ ಬರುವ ಒಣಮೀನಿನವಳು ತಮ್ಮೂರಿನ ಎಮ್ಮೆಯ ಸಂಗತಿ ಹೇಳಿದಳು: ಮಾರಿದ ಎಮ್ಮೆ ಕೊಂಡವರ ದನದ ಹಟ್ಟಿಯಿಂದ ತಪ್ಪಿಸಿಕೊಂಡು ಊರೂರು ದಾಟಿ ತನ್ನ ಮನೆಗೇ ಬಂದಿತ್ತಂತೆ. ಅದನ್ನು ನಾನು ದೊಡ್ಡ ಪದ ಮಾಡಿದೆ. ಎಮ್ಮೆ ಬೆಳ್ತಂಗಡಿಯ ಬಸ್ಸು ನಿಲ್ಲುವಲ್ಲಿ ಬಂದು ನಿಲ್ಲುತ್ತದೆ, ಏಜೆಂಟ ಸೀಟಿಲ್ಲ ಎನ್ನುತ್ತಾನೆ, ಜನ ಕೊಡೆಯಲ್ಲಿ ಹೊಡೆಯುತ್ತಾರೆ, ಎಮ್ಮೆ ಕೆರೆಯಲ್ಲಿ ಒಂದು ರಾತ್ರಿ ಕಳೆದು ಹೊರಡುತ್ತದೆ. ನಕ್ಕು ನಕ್ಕು ಸುಸ್ತಾದ ಜನ ಕೊನೆಗೆ ಎಮ್ಮೆ ಹಟ್ಟಿಯ ಬಾಗಿಲಲ್ಲಿ ನಿಂತು ಕೂಗುವಾಗ ಸುಮ್ಮನಾಗುತ್ತಿದ್ದರು.

ಆಟಿ ಕಳೆದು ಸೋಣ ತಿಂಗಳು ಬಂತು. ಮಳೆ ಬಿಟ್ಟು ಬಿಟ್ಟು ಬಿಸಿಲು ಕಂಡಿತು. ಹಡಗು ಸುರುವಾಯಿತಂತೆ ಎಂಬ ಸುದ್ದಿ ಬಸ್ಸಿನವರ ಬಾಯಲ್ಲಿ ಬಂತು. ನನಗೆ ಅನ್ನ ಸೇರದ ಹಾಗಾಯಿತು.

ಬಂಟ್ವಾಳದಲ್ಲಿ ಹೆಂಚಿನ ರಾಶಿಯ ಎದುರು ಎಮ್ಮೆಯ ಪದ ಹಾಡುತ್ತಿದ್ದೆ. ಬೆಳ್ತಂಗಡಿಯಿಂದ ಬಸಳೆಯ ಅಕ್ಕನೂ ಸಂಬಂಧಿಕರ ಮನೆಗೆಂದು ಬಂದವಳು ಅಲ್ಲಿ ಕೂತು ಓಗೊಡುತ್ತಿದ್ದಳು. ಎಮ್ಮೆ ಹೊಳೆ ದಾಟಿ ಮೇಲೆ ಬಂದಿತ್ತು ಅಷ್ಟೆ. ಜನರ ಹಿಂದೆ ಮಾವ ಕಂಡರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಅಮ್ಮ ತುಂಬಿಸಿ ಕೊಟ್ಟ ನನ್ನ ಟ್ರಂಕು. ಅವರ ಹಿಂದೆ ಮಂಗಳೂರಿನ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು.

ಬಾಯಿ ಹಾಡುತ್ತಲೇ ಇತ್ತು. ಆಗ ನನ್ನ ತಲೆಗೆ ಒಂದು ಯೋಚನೆ ಬಂತು: ಎಳೆ, ಪದವನ್ನು ಎಳೆ. ಎಮ್ಮೆಯನ್ನು ಇನ್ನೂ ನಾಲ್ಕು ಊರು ಸುತ್ತಿಸು. ಮಾವ ಗದ್ದೆಯ ಮನೆಯವರು, ಎತ್ತಿದ ಪದವನ್ನು ನಡುವೆ ನಿಲ್ಲಿಸು ಎಂದು ಹೇಳುವವರಲ್ಲ. ಬಸ್ಸು ಹೋಗುತ್ತದೆ, ಹಡಗು ತಪ್ಪುತ್ತದೆ. ಒಂದು ಸುಳ್ಳು ಊರಿನ ಹೆಸರು ಬಾಯಿಗೆ ಬಂದೂ ಬಂತು. ಎತ್ತಿದೆ. ಓಗೊಡುವುದು ತಡವಾಯಿತು. ಅಕ್ಕ ನನ್ನ ಮುಖ ನೋಡಿದಳು.

ನನಗೆ ನಾಚಿಕೆಯಾಯಿತು. ಹುಡುಗಿಯನ್ನು ಹೊಳೆಯಲ್ಲಿ ನಿಲ್ಲಿಸಿದ್ದಕ್ಕೂ ಎಮ್ಮೆಯನ್ನು ಸುಮ್ಮನೆ ಅಲೆಸುವುದಕ್ಕೂ ಏನು ವ್ಯತ್ಯಾಸ? ಹೋದರೆ ಹೋದೆ, ಪದವನ್ನಾದರೂ ಸರಿಯಾಗಿ ಮುಗಿಸಿ ಹೋಗುವ ಎಂದು, ಎಮ್ಮೆಯನ್ನು ನೇರ ಮನೆಯ ದಾರಿಗೆ ತಂದೆ. ಹಟ್ಟಿಯ ಬಾಗಿಲು. ಕೂಗು. ಒಳಗಿನಿಂದ ದೀಪ ಹಿಡಿದು ಬರುವ ಮುದುಕಿ. ಮುಗಿಯಿತು. ಬಸ್ಸು ಇನ್ನೂ ಅಲ್ಲೇ ಇತ್ತು. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನಿಂತು, "ಧನಿಗಳೇ, ಬರ್ತೀರಾ?" ಎಂದು ಮಾವನನ್ನು ಕೇಳಿದ.

ನಾನು ಹೋಗಿ ಟ್ರಂಕಿಗೆ ಕೈ ಹಾಕಿದೆ. ಮಾವ ಟ್ರಂಕು ಬಿಡಲಿಲ್ಲ. ಅವರು ನನ್ನನ್ನು ದಾಟಿ ನಾನು ನಿಂತಿದ್ದ ಜಾಗವನ್ನು ನೋಡುತ್ತಿದ್ದರು. ಬೈರಾಸು ನನ್ನ ಹೆಗಲಿನ ಮೇಲೆಯೇ ಇತ್ತು. ನೆಲದ ಮೇಲೆ ಏನೂ ಇರಲಿಲ್ಲ.

ಅಷ್ಟರಲ್ಲಿ ಪಾಣೆಮಂಗಳೂರಿನ ಕಡೆಯ ಗೃಹಸ್ಥರೊಬ್ಬರು ಮುಂದೆ ಬಂದರು. ಅವರಿಗೆ ನಮ್ಮ ಸಂಗತಿ ಏನೂ ಗೊತ್ತಿಲ್ಲ. ಶಲ್ಯದ ತುದಿಯಿಂದ ವೀಳ್ಯದೆಲೆ, ಒಂದು ಅಡಿಕೆ ತೆಗೆದು ಎರಡೂ ಕೈಯಲ್ಲಿ ನನ್ನ ಕಡೆಗೆ ಚಾಚಿ, "ನಮ್ಮಲ್ಲಿ ಹೊಸ ಅಕ್ಕಿ ಊಟ ಉಂಟು. ಮನೆಯ ಹೆಂಗಸರು ನಿಮ್ಮದೇ ಪದ ಆಗಬೇಕು ಅಂತ ಕೂತಿದ್ದಾರೆ. ಬರಬೇಕು" ಎಂದರು. ದೇವಸ್ಥಾನದವರನ್ನು, ವೈದ್ಯರನ್ನು ಕರೆಯುವ ಹಾಗೆ ವೀಳ್ಯ ಕೊಟ್ಟು ನನ್ನನ್ನು ಯಾರೂ ಅದುವರೆಗೆ ಕರೆದಿರಲಿಲ್ಲ. ನನಗೆ ಕೈ ಚಾಚಲು ಧೈರ್ಯ ಬರಲಿಲ್ಲ, ಮಾವನನ್ನು ನೋಡಿದೆ. ಅವರೂ ನೋಡಿದರು.

"ತಾವು ಇವರ ಕಡೆಯವರಾ?" ಎಂದು ಆ ಗೃಹಸ್ಥರು ಮಾವನನ್ನು ಕೇಳಿದರು.

ಮಾವ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿದರು. ಆಮೇಲೆ, "ಹೌದು. ನನ್ನ ಅಳಿಯ," ಎಂದರು. ನನ್ನ ಕಡೆ ತಿರುಗಿ, "ವೀಳ್ಯ ಹಿಡಿದವರನ್ನು ಕಾಯಿಸ್ತಾರಾ? ತೆಗೆದುಕೋ" ಎಂದು ಗದರಿದರು.

ತೆಗೆದುಕೊಂಡೆ. ಮಾವ ಕಂಡಕ್ಟರನಿಗೆ ಹೋಗಿ ಎಂದು ಕೈ ಬೀಸಿದರು. ಬಸ್ಸು ಹೋಯಿತು. ಅವರು ಟ್ರಂಕನ್ನು ಹೆಂಚಿನ ರಾಶಿಯ ಬದಿಗೆ ಇಟ್ಟು ಅದರ ಮೇಲೆ ಕೂತು ಕವಳಕ್ಕೆ ಸುಣ್ಣ ಹಚ್ಚತೊಡಗಿದರು. ಮುಖ ಇನ್ನೂ ಗಂಟೇ.

"ಬೊಂಬಾಯಿಯವನಿಗೆ ನಾನು ಎಂತ ಹೇಳುವುದು ಈಗ?"

"ಗೊತ್ತಿಲ್ಲ ಮಾವ."

"ನಿನಗೆ ಎಂತ ಗೊತ್ತುಂಟು?" ಎಂದರು. ಕವಳ ಬಾಯಿಗೆ ಹಾಕಿದರು. ಹೊಳೆಯ ಕಡೆ ನೋಡಿದರು. ನನ್ನ ಮುಖ ನೋಡದೆ ಕೇಳಿದರು.

"ನಾನು ಬರುವಾಗ ಎಮ್ಮೆ ಹೊಳೆ ದಾಟಿ ಆಗಿತ್ತು. ಸುರುವಿನದ್ದು ನಾನು ಕೇಳಲಿಲ್ಲ. ಅಷ್ಟು ದೂರದಿಂದ ಮನೆ ಹುಡುಕಿಕೊಂಡು ಬರುವ ಎಮ್ಮೆ ಅದು. ಅದನ್ನು ಮಾರಿದ್ದಾದರೂ ಯಾಕೆ ಮಾರಾಯ?"

ಉತ್ತರ ಪದದ ಮೊದಲ ಸಾಲಿನಲ್ಲೇ ಇತ್ತು: ಸಾಲ ಕೊಟ್ಟವರ ಎದುರು ಮನೆಯ ಮರ್ಯಾದೆ ಉಳಿಸಲು ಮಾರಿದ ಎಮ್ಮೆ. ಬಸಳೆಯ ಅಕ್ಕ ಓಗೊಡಲು ತಯಾರಾಗಿ ಕೂತಿದ್ದಳು. ಆದರೆ ಆ ಸಾಲನ್ನು ಎತ್ತಲು ನನಗೆ ಬಹಳ ಹೊತ್ತು ಬೇಕಾಯಿತು. ಅಳು ಬಂದಾಗ ಸ್ವರ ಹಿಡಿದಲ್ಲಿ ನಿಲ್ಲುವುದಿಲ್ಲ.